ಹುಲ್ಲು ಮಲಗಿದ ದಿಕ್ಕು

ಹದಿನಾರನೇ ವಯಸ್ಸಿಗೆ ಬೆಂಗಳೂರಿನ ಗಾಲ್ಫ್ ಮೈದಾನವೊಂದರಲ್ಲಿ ಬ್ಯಾಗು ಹೊರಲು ಸೇರಿದಾಗ, ಹಿರಿಯ ಕ್ಯಾಡಿಯೊಬ್ಬರು ನನಗೆ ಮೊದಲು ತೋರಿಸಿದ್ದು ಹೋಲ್‌ನ ಅಂಚನ್ನು. ಹೋಲ್ ಸುತ್ತಲಿನ ಗ್ರೀನ್‌ನಲ್ಲಿ ಬರ್ಮುಡಾ ಹುಲ್ಲು ನೆಟ್ಟಗೆ ನಿಲ್ಲುವುದಿಲ್ಲ, ಒಂದು ಕಡೆಗೆ ಒರಗಿರುತ್ತದೆ. ನಿಂತಲ್ಲಿಂದ ನೋಡಿದಾಗ ಹೊಳೆದರೆ ನಮ್ಮಿಂದ ಆಚೆಗೆ ಮಲಗಿದೆ, ಚೆಂಡು ಜಾರಿ ಓಡುತ್ತದೆ. ಕಪ್ಪಗೆ ಕಂಡರೆ ನಮ್ಮೆದುರಿಗೆ ಮಲಗಿದೆ, ಚೆಂಡನ್ನು ತಡೆಯುತ್ತದೆ. ಮಧ್ಯಾಹ್ನದ ಹೊತ್ತಿಗೆ ಹೋಲ್‌ನ ಒಂದು ಅಂಚು ಸವೆದು ಕಂದಾಗಿರುತ್ತದಲ್ಲ, ಹುಲ್ಲು ಬಾಗಿರುವುದು ಆ ಕಡೆಗೆ.

ನನ್ನ ಕಣ್ಣು ಬೇಗ ಪಳಗಿತು. "ಸಾರ್, ಎಡಕ್ಕೆ ಎರಡು ಬೆರಳು" ಅಂದರೆ ಮೆಂಬರುಗಳು ಮರುಮಾತಿಲ್ಲದೆ ಅಲ್ಲಿಗೇ ಹೊಡೆಯುತ್ತಿದ್ದರು.

2009ರಲ್ಲಿ, ನಮ್ಮೂರಲ್ಲೇ ಕ್ಯಾಡಿಯಾಗಿದ್ದ ಸಿ. ಮುನಿಯಪ್ಪ ಗುರ್‌ಗಾಂವ್‌ನಲ್ಲಿ ಕೊರಿಯಾದ ಆಟಗಾರನನ್ನು ಪ್ಲೇ-ಆಫ್‌ನಲ್ಲಿ ಸೋಲಿಸಿ ಇಂಡಿಯನ್ ಓಪನ್ ಗೆದ್ದರು. ಆ ಸಂಜೆ ಕ್ಯಾಡಿಗಳ ಶೆಡ್ಡಿನಿಂದ ಯಾರಿಗೂ ಮನೆಗೆ ಹೋಗಲು ಮನಸ್ಸಾಗಲಿಲ್ಲ. ವೃತ್ತಿಪರ ಆಟಗಾರ, ಅಂದರೆ ಪ್ರೊ, ಆಗಲೇಬೇಕು ಎಂದು ನಾನು ಗಟ್ಟಿ ಮಾಡಿಕೊಂಡದ್ದು ಅಂದೇ.

ಆದೆ. ಪ್ರೊಗೆ ಸಂಬಳ ಕೊಡುವವರಿಲ್ಲ. ಪ್ರವೇಶ ಶುಲ್ಕ, ರೈಲು, ರೂಮು, ಕ್ಯಾಡಿಯ ಕೂಲಿ ಎಲ್ಲ ಕೈಯಿಂದಲೇ. ನಾಲ್ಕು ದಿನದ ಪಂದ್ಯದಲ್ಲಿ 36 ಹೋಲ್ ಮುಗಿದ ಮೇಲೆ ಕಟ್ ಬೀಳುತ್ತದೆ, ಹಿಂದುಳಿದವರು ಅಲ್ಲಿಗೇ ಹೊರಗೆ. ಒಂದು ಹೊಡೆತದಲ್ಲಿ ತಪ್ಪಿದವನಿಗೂ ಇಪ್ಪತ್ತು ಹೊಡೆತದಲ್ಲಿ ತಪ್ಪಿದವನಿಗೂ ಸಿಗುವುದು ಅದೇ ಸೊನ್ನೆ.

ಎರಡನೇ ವರ್ಷ. ಉತ್ತರದ ಒಂದು ಊರು, ಎರಡನೇ ದಿನದ ಕೊನೆಯ ಗ್ರೀನ್, ನಾಲ್ಕು ಅಡಿಯ ಪಟ್. ಹಾಕಿದರೆ ಕಟ್ ಒಳಗೆ. ಅಮ್ಮ ಚೀಟಿ ಎತ್ತಿ ಕೊಟ್ಟ ದುಡ್ಡಿನಲ್ಲಿ ಹೋಗಿದ್ದೆ. ಹದಿನಾಲ್ಕು ಕಂತು ಬಾಕಿ ಇತ್ತು. ಚೆಂಡು ಹೋಲ್‌ನ ಬಾಯಿ ಸುತ್ತಿ ಹೊರಗೆ ಬಂತು. ವಾಪಸ್ ರೈಲಿನಲ್ಲಿ ರಾತ್ರಿಯಿಡೀ ಒಂದೇ ಯೋಚನೆ: ಆ ಹೋಲ್‌ನ ಯಾವ ಅಂಚು ಸವೆದಿತ್ತು? ಎಷ್ಟು ಕೆದಕಿದರೂ ನೆನಪಾಗಲಿಲ್ಲ. ನಾನು ನೋಡಿಯೇ ಇರಲಿಲ್ಲ. ಬೇರೆಯವರ ಸಾವಿರಾರು ಪಟ್‌ಗಳಲ್ಲಿ ಒಂದು ಸಲವೂ ಬಿಡದಿದ್ದ ಕೆಲಸವನ್ನು ನನ್ನ ಪಟ್‌ಗೇ ಬಿಟ್ಟಿದ್ದೆ.

ಆಮೇಲೆ ನನಗೆ ನಾನೇ ಕ್ಯಾಡಿಯಾದೆ. ಪ್ರತಿ ಪಟ್‌ಗೂ ಹೋಲ್‌ನ ತನಕ ನಡೆದು, ಅಂಚು ನೋಡಿ, ಮೆಲ್ಲಗೆ ಬಾಯಿಬಿಟ್ಟು ಹೇಳಿಕೊಳ್ಳುತ್ತಿದ್ದೆ: "ಸಾರ್, ಬಲಕ್ಕೆ ಒಂದು ಬೆರಳು, ಹುಲ್ಲು ಎದುರು." ಬಾಯಲ್ಲಿ ಹೇಳಬೇಕೆಂದರೆ ಕಣ್ಣು ನೋಡಲೇಬೇಕು, ಅಷ್ಟೇ ಇದರ ಗುಟ್ಟು. ಚೀಟಿಯ ಲೆಕ್ಕ ಮರೆತುಹೋಗುತ್ತಿತ್ತೇ? ಇಲ್ಲ. ಆದರೆ ಆ ಅರ್ಧ ನಿಮಿಷ ಅದಕ್ಕೆ ಮಾತಾಡಲು ಜಾಗ ಇರುತ್ತಿರಲಿಲ್ಲ. ಪಂದ್ಯ ಗೆಲ್ಲಲಿಲ್ಲ, ಕಟ್ ದಾಟುವುದು ಹೆಚ್ಚಿತು. ಹನ್ನೊಂದು ವರ್ಷ ಆಡಿದೆ. ಅಮ್ಮನ ಚೀಟಿ ತೀರಿತು.

ಈಗ ಆಟ ಕಲಿಸುತ್ತೇನೆ. ಪ್ರೊ ಆಗುತ್ತೇನೆ ಎಂದು ಬರುವ ಹುಡುಗರನ್ನು ನಾನು ಕೇಳುವುದು, ಒಂದು ಸೀಸನ್ನಿನ ಖರ್ಚು ಬ್ಯಾಂಕಿನಲ್ಲಿದೆಯೇ ಎಂದು. ಇಲ್ಲದಿದ್ದರೆ ಇನ್ನೊಂದು ವರ್ಷ ಕಾಯಿರಿ ಎನ್ನುತ್ತೇನೆ. ಸಾಲ ಮಾಡಿ ಆಡಿದವರಲ್ಲಿ ನನಗಿಂತ ಚೆನ್ನಾಗಿ ಹೊಡೆಯುತ್ತಿದ್ದವರು ಎರಡೇ ವರ್ಷಕ್ಕೆ ಕ್ಲಬ್ಬು ಮಾರಿದ್ದನ್ನು ಕಂಡಿದ್ದೇನೆ, ಆ ಸಂಕಟ ಇನ್ನೂ ಹೋಗಿಲ್ಲ. ಕಲಿಯಲು ಬರುವ ಚಿಕ್ಕ ಮಕ್ಕಳಿಗೆ ಮೊದಲ ತಿಂಗಳು ಗೆಳೆಯನ ಬ್ಯಾಗು ಹೊರಿಸಿ, ಗೆಳೆಯನ ಪಟ್ ಓದಿಸುತ್ತೇನೆ. "ನಮ್ಮ ಮಗ ಯಾವಾಗ ಹೊಡೀತಾನೆ ಸಾರ್?" ಎಂದು ಗೇಟಿನ ಹತ್ತಿರ ಅಪ್ಪಂದಿರು ಕೇಳುತ್ತಾರೆ. ಅವರನ್ನು ಗ್ರೀನ್‌ವರೆಗೆ ಕರೆದುಕೊಂಡು ಹೋಗಿ, ಬಗ್ಗಿಸಿ, ಹೋಲ್‌ನ ಅಂಚು ತೋರಿಸುತ್ತೇನೆ.