ರೋಗನಿವಾರಣೆಯಲ್ಲಿ ಮಾತಿನ ಪಾತ್ರ

ವಿಜಯಪುರ ಜಿಲ್ಲೆಯ ಮಮದಾಪುರದ ಕಡೆಯಿಂದ ದುಡಿಮೆಗಾಗಿ ಮಹಾರಾಷ್ಟ್ರಕ್ಕೂ ಗೋವೆಗೂ ಹೋಗುವವರುಂಟು. ಅಲ್ಲಿ ಕಿವಿಗೆ ಬೀಳುವುದು ಮರಾಠಿ, ಕೊಂಕಣಿ, ಹಿಂದಿ. ಕೂಲಿಯ ಲೆಕ್ಕಕ್ಕೆ ಸಾಲುವ ಪರಭಾಷೆ, ಎಚ್.ಐ.ವಿ. ಸೋಂಕಿನಿಂದ ಪಾರಾಗುವ ಬಗೆಯನ್ನು ತಿಳಿಯಲು ಸಾಲದು. ಪುರುಷರೊಡನೆ ದೇಹಸಂಬಂಧವುಳ್ಳ ಪುರುಷರಿಗಂತೂ ಈ ತೊಡಕು ಇಮ್ಮಡಿಯಾದುದು.

ಮೊದಲನೆಯದು ಹೆಸರಿನ ತೊಡಕು. ಅವರಲ್ಲಿ ಕೆಲವರು ತಮ್ಮನ್ನು 'ಕೋತಿ' ಎಂದು ಕರೆದುಕೊಳ್ಳುತ್ತಾರೆ. ಭಾರತದ ಹಲವೆಡೆ ಅವರೊಳಗೆ ರೂಢವಾದ ಪದವಿದು. ಇದನ್ನರಿಯದ ಕನ್ನಡಿಗನಿಗೆ ಬೈಗುಳವಾಗಿ ಕೇಳಿಸೀತು. ಸಲಹೆಗಾರನೇ ತಪ್ಪು ತಿಳಿದರೆ ಮಾತು ಅಲ್ಲಿಗೇ ನಿಲ್ಲುವುದು.

ಎರಡನೆಯದು ವೈದ್ಯಶಾಸ್ತ್ರದ ಪದಗಳದು. 'ಪಾಸಿಟಿವ್' ಎಂಬುದು ಬಳಕೆಯಲ್ಲಿ ಒಳ್ಳೆಯ ಮಾತು. ಪರೀಕ್ಷೆಯಲ್ಲಿ ಸೋಂಕಿದೆ ಎಂದರ್ಥ. ದಿನವೂ ತಪ್ಪದೆ ಔಷಧ ಸೇವಿಸಿದರೆ ರಕ್ತದಲ್ಲಿನ ವೈರಸ್ಸು 'ಪತ್ತೆಯಾಗದ' ಮಟ್ಟಕ್ಕೆ ಇಳಿಯಬಲ್ಲದು. ಆ ಮಟ್ಟ ಉಳಿದಿರುವವರೆಗೆ ಸಂಭೋಗದಿಂದ ಸೋಂಕು ಹರಡದು. ಆದರೆ 'ಪತ್ತೆಯಾಗದು' ಎಂದರೆ 'ವಾಸಿಯಾಯಿತು' ಎಂದಲ್ಲ. ಹಾಗೆಂದು ಭಾವಿಸಿ ಔಷಧ ಬಿಟ್ಟರೆ, ಜೀವಕೋಶಗಳಲ್ಲಿ ಅಡಗಿದ ವೈರಸ್ಸು ಮತ್ತೆ ಹೆಚ್ಚುವುದು. ಒಂದು ಪದದ ತಪ್ಪರ್ಥ ಎರಡು ಜೀವಗಳಿಗೆ ಕೇಡಾಗಬಹುದು.

ಆದುದರಿಂದಲೇ ೨೦೧೭ರ ಎಚ್.ಐ.ವಿ. ಕಾಯಿದೆಯು, ವ್ಯಕ್ತಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಿದ ಮೇಲೆಯೇ ಪರೀಕ್ಷೆಗೆ ಒಪ್ಪಿಗೆ ಪಡೆಯತಕ್ಕದ್ದೆಂದು ವಿಧಿಸಿದೆ. ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲವೆಂದು ೨೦೧೮ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿದೆ. ಕಾಂಡೋಮಿನ ಬಳಕೆಯಾಗಲಿ, ಗುಳಿಗೆಯ ಕ್ರಮವಾಗಲಿ, ತಿಳಿಯದುದನ್ನು ನಮ್ಮ ಮಾತಿನಲ್ಲಿಯೇ ಕೇಳಲು ನಾವು ಸಂಕೋಚಪಡಬೇಕಾದುದಿಲ್ಲ. ೧೦೯೭ ಎಂಬ ಉಚಿತ ಸಹಾಯವಾಣಿ ಇರುವುದೂ ಅದಕ್ಕಾಗಿಯೇ.