ಬಾಣಂತಿಯ ಮಗ್ಗುಲಲ್ಲಿ ಕೂರುವ ಮುನ್ನ

ತಿಮ್ಮಾಪುರ, ಮುಧೋಳ, ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿ ಕಡೆಯಿಂದ ಸಮಾಜಕಾರ್ಯ, ಮನಶ್ಶಾಸ್ತ್ರ, ನರ್ಸಿಂಗ್ ಓದುತ್ತಿರುವ ಮಕ್ಕಳೇ, ನಿಮ್ಮಲ್ಲಿ ಕೆಲವರು ಬಸುರಿ-ಬಾಣಂತಿಯರ ಮನಸ್ಸಿನ ಆರೈಕೆಯಲ್ಲಿ ಇಂಟರ್ನ್‌ಶಿಪ್ ಮಾಡುತ್ತೇವೆ ಅಂತ ಹೊರಟಿದ್ದೀರಿ. ಕೇಳಿ ಸಂತೋಷವಾಯಿತು. ಹಿಂದೆಯೇ ಸ್ವಲ್ಪ ಅಂಜಿಕೆಯೂ ಆಯಿತು, ಯಾಕಂದರೆ ಈ ಕೆಲಸವನ್ನು ಬರೀ ಸರ್ಟಿಫಿಕೇಟಿಗಾಗಿ ಮಾಡಿ ಮುಗಿಸುವವರೂ ಇದ್ದಾರೆ. ನೀವು ಅಂಥವರಲ್ಲ ಎಂಬ ನಂಬಿಕೆಯಿಂದಲೇ ನಾಲ್ಕು ಮಾತು ಹೇಳುತ್ತೇನೆ. ಹಿರಿಯಳೆಂಬ ಸಲುಗೆಯಲ್ಲಿ ಎಲ್ಲಾದರೂ ಗದರಿದರೆ ಬೇಸರ ಮಾಡಿಕೊಳ್ಳಬೇಡಿ.

ಹೆಣ್ಣಿಗೆ ಹೆರಿಗೆ ಎಂದರೆ ಮರುಜನ್ಮ ಅನ್ನುತ್ತೇವೆ. ಆದರೆ ಆ ಮರುಜನ್ಮದ ಆರೈಕೆಯೆಲ್ಲ ಮೈಗೇ ಹೋಗುತ್ತದೆ. ಕುಬಸ ಮಾಡುತ್ತೇವೆ, ಅಂಟಿನುಂಡಿ ಕಟ್ಟುತ್ತೇವೆ, ಎಣ್ಣೆ ತಿಕ್ಕಿ ಎರೆಯುತ್ತೇವೆ, ಹೊರಸಿನ ಕೆಳಗೆ ಕೆಂಡ ಇಡುತ್ತೇವೆ. "ಮನಸ್ಸು ಹೆಂಗೈತಿ ತಂಗಿ?" ಅಂತ ಕೇಳುವವರು ಮಾತ್ರ ಕಡಿಮೆ. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಒಂದು ವರದಿ ಬಂತು. ಭಾರತದಲ್ಲಿ ನಡೆದ 38 ಅಧ್ಯಯನಗಳನ್ನು, ಅಂದರೆ 20 ಸಾವಿರಕ್ಕೂ ಹೆಚ್ಚು ತಾಯಂದಿರ ಮಾಹಿತಿಯನ್ನು ಒಟ್ಟಿಗೆ ಇಟ್ಟು ನೋಡಿದಾಗ, ಹೆರಿಗೆಯ ನಂತರದ ಖಿನ್ನತೆ ನೂರಕ್ಕೆ ಸುಮಾರು 22 ಮಂದಿಯಲ್ಲಿ ಕಂಡಿತ್ತು. ನಮ್ಮ ಪಕ್ಕದ ಗೋವಾದಲ್ಲಿ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ ಹೆಚ್ಚುಕಡಿಮೆ ಅಷ್ಟೇ, 23. ಬಡತನ, ಗಂಡನ ಹೊಡೆತ, ಗಂಡುಮಗು ಬೇಕೆಂಬ ಮನೆಯವರ ಹಟ ಇವೆಲ್ಲ ಕಾಯಿಲೆಯನ್ನು ಹೆಚ್ಚಿಸುತ್ತವೆ ಎಂದು ಅಲ್ಲಿ ಕಂಡುಬಂತು. ನಮ್ಮೂರಿಗೂ ಇದು ಹೊಸ ಸುದ್ದಿಯಲ್ಲ.

ಎಲ್ಲಿಗೆ ಹೋಗಬೇಕು ಅಂತ ಮೊದಲ ಪ್ರಶ್ನೆ. ಎಲ್ಲರ ಬಾಯಲ್ಲೂ ಬೆಂಗಳೂರಿನ ನಿಮ್ಹಾನ್ಸ್. ಸರಿಯೇ. ಅಲ್ಲಿ 2009ರಲ್ಲಿ ತಾಯಿ-ಮಗುವಿನ ಒಳರೋಗಿ ಘಟಕ ಶುರುವಾಯಿತು, ದೇಶಕ್ಕೇ ಮೊದಲನೆಯದು. ಡಾ. ಪ್ರಭಾ ಚಂದ್ರ ಮತ್ತು ಅವರ ಜೊತೆಗಾರರು ಕಟ್ಟಿ ಬೆಳೆಸಿದ ಘಟಕ ಅದು. ತಾಯಿ, ಕೂಸು, ಜೊತೆಗೆ ಮನೆಯವರೊಬ್ಬರು ಅಲ್ಲೇ ಉಳಿದು ಚಿಕಿತ್ಸೆ ಪಡೆಯುತ್ತಾರೆ. ಇಂಗ್ಲೆಂಡಿನ ಕ್ಯಾಸಲ್ ಆಸ್ಪತ್ರೆಯಲ್ಲಿ ಹೀಗೆ ತಾಯಿಯೊಂದಿಗೆ ಮಗುವನ್ನೂ ಇಟ್ಟುಕೊಳ್ಳತೊಡಗಿದ್ದು 1948ರಲ್ಲಿ. ನಮ್ಮಲ್ಲಿ ಆ ವ್ಯವಸ್ಥೆ ಬರಲು ಸುಮಾರು 60 ವರ್ಷ ಹಿಡಿಯಿತು. ಆದರೆ ನೆನಪಿಡಿ, ನಿಮ್ಹಾನ್ಸ್ ಘಟಕ ಶುರುವಾದದ್ದು ಐದೇ ಹಾಸಿಗೆಗಳಿಂದ. ಅಲ್ಲಿ ಅವಕಾಶ ಸಿಗಲಿಲ್ಲವೆಂದು ಮುಖ ಇಳಿಬಿಡಬೇಡಿ. ಧಾರವಾಡದಲ್ಲಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಬಾಗಲಕೋಟೆಯ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜಿನಲ್ಲಿ ಮನೋವೈದ್ಯ ವಿಭಾಗವಿದೆ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೂ ಮಂಗಳವಾರ ಮನೋವೈದ್ಯರು ಬರುತ್ತಾರೆ. ನನ್ನ ಅಭಿಪ್ರಾಯ ಕೇಳಿದರೆ, ಮೊದಲ ತಿಂಗಳು ತಾಲ್ಲೂಕು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲೇ ಕಳೆಯಿರಿ. ಕಾಯಿಲೆಯ ತಾಯಿಯನ್ನು ಗುರುತಿಸಬೇಕಾದರೆ ಗಟ್ಟಿಯಾಗಿರುವ ತಾಯಂದಿರು ಹೇಗಿರುತ್ತಾರೆ ಅಂತ ಮೊದಲು ಗೊತ್ತಿರಬೇಕು. ಎಲ್ಲಿಗೆ ಹೋಗುವುದಿದ್ದರೂ ಕಾಲೇಜಿನ ಪತ್ರ ತೆಗೆದುಕೊಂಡು ಮೊದಲೇ ಅರ್ಜಿ ಹಾಕಿ. ಕೊನೆಯ ವಾರ ಫೋನ್ ಮಾಡಿ ಗೋಗರೆಯುವ ಚಾಳಿ ಬಿಡಿ.

ಹೋದ ಮೇಲೆ ನಿಮ್ಮ ಜಾಗ ಯಾವುದೆಂದು ತಿಳಿದಿರಲಿ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆ ಎನಿಸಿಕೊಳ್ಳಲು ಎಂಎಸ್‌ಡಬ್ಲ್ಯೂ ಮೇಲೆ ಎರಡು ವರ್ಷದ ಎಂಫಿಲ್ ಆಗಿರಬೇಕು. ಚಿಕಿತ್ಸಾ ಮನಶ್ಶಾಸ್ತ್ರಕ್ಕೂ ಬೇರೆಯದೇ ತರಬೇತಿ ಬೇಕು. ನೀವಿನ್ನೂ ಕಲಿಯುವವರು. "ನಾನು ಡಾಕ್ಟರ ಅದೀನಿ" ಅನ್ನುವ ಹಾಗೆ ಬಿಳಿ ಕೋಟು ಹಾಕಿಕೊಂಡು ಓಡಾಡಬೇಡಿ. ಕಾಯಿಲೆಗೆ ಹೆಸರಿಡಬೇಡಿ. "ಹಾಲು ಕುಡಿಸ್ತೀಯವ್ವಾ, ಗುಳಿಗಿ ಬಿಟ್ಟುಬಿಡು" ಅಂತಂತೂ ಅಪ್ಪಿತಪ್ಪಿಯೂ ಹೇಳಬೇಡಿ. ಯಾವ ಗುಳಿಗೆ ಹಾಲುಣಿಸುವಾಗ ನಡೆಯುತ್ತದೆ, ಯಾವುದು ನಡೆಯುವುದಿಲ್ಲ ಅಂತ ನೋಡುವುದು ಮನೋವೈದ್ಯರ ಕೆಲಸ. ಗುಳಿಗೆ ಥಟ್ಟನೆ ನಿಲ್ಲಿಸಿದ್ದರಿಂದ ಕಾಯಿಲೆ ಮರಳಿದ ತಾಯಂದಿರು ಬೇಕಾದಷ್ಟಿದ್ದಾರೆ.

ಹಾಗಾದರೆ ನಿಮ್ಮ ಕೆಲಸವೇನು? ಕೇಳುವುದು, ನೋಡುವುದು, ಕಂಡದ್ದನ್ನು ಅದೇ ದಿನ ಮೇಲ್ವಿಚಾರಕರಿಗೆ ಒಪ್ಪಿಸುವುದು. ಇಷ್ಟನ್ನೇ ಚೆನ್ನಾಗಿ ಮಾಡಿದರೆ ಒಂದು ಜೀವ ಉಳಿಯಬಹುದು.

ಕೇಳುವುದಕ್ಕೂ ಒಂದು ರೀತಿಯಿದೆ. ನೀವು ಸೊಸೆಯನ್ನು ಕೇಳುತ್ತೀರಿ, ಉತ್ತರ ಅತ್ತೆಯಿಂದ ಬರುತ್ತದೆ: "ಅಕಿಗೇನಾಗೈತ್ರಿ, ಉಣ್ಣೂದು, ಮಲಗೂದು, ಅಷ್ಟ ಕೆಲಸ." ಸೊಸೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ, ಮತ್ತೆ ಸುತ್ತುತ್ತ ಕೂತಿರುತ್ತಾಳೆ. ಕೂಸು ಅತ್ತರೆ ಕೈ ಚಾಚುತ್ತಾಳೋ, ಅತ್ತೆಯ ಮುಖ ನೋಡುತ್ತಾಳೋ, ಅಥವಾ ಕೇಳಿಸಲೇ ಇಲ್ಲವೆಂಬಂತೆ ಗೋಡೆ ನೋಡುತ್ತಾಳೋ, ಅದನ್ನು ಗಮನಿಸಿ. ಆಮೇಲೆ ಅತ್ತೆಗೆ ಮರ್ಯಾದೆಯಿಂದ ಒಂದು ಕೆಲಸ ಕೊಡಿ: "ಆಯೀ, ಕೂಸಿನ ತೂಕ ಮಾಡಿಸ್ಕೊಂಡು ಬರ್ತೀರೇನು?" ಆ ಹತ್ತು ನಿಮಿಷ ತಾಯಿ ಒಬ್ಬಳೇ ಸಿಗುತ್ತಾಳೆ. ಆಗಲೂ ಮೊದಲ ಪ್ರಶ್ನೆಗೇ ಖಿನ್ನತೆ, ಆತಂಕ ಎಂಬ ಪುಸ್ತಕದ ಮಾತು ಎತ್ತಬೇಡಿ. "ರಾತ್ರಿ ಕೂಸು ಮಲಗಿದ ಮ್ಯಾಲ ನಿಮಗ ನಿದ್ದಿ ಬರ್ತೈತೇನು?" ಅಂತ ಕೇಳಿ. ಕೂಸು ಮಲಗಿದರೂ ತಾಯಿಗೆ ನಿದ್ದೆ ಬಾರದಿದ್ದರೆ ಅದು ಬಹಳ ಮುಖ್ಯವಾದ ಸುಳಿವು. ನಮ್ಮ ಕಡೆಯ ಹೆಣ್ಣುಮಕ್ಕಳು ದುಃಖವನ್ನು ದುಃಖವೆಂದು ಹೇಳುವುದು ಅಪರೂಪ. "ಎದಿ ಝಲ್ ಅಂತೈತ್ರಿ", "ತಲಿ ಜಡ ಆಗೈತಿ", "ಕೈಕಾಲಾಗ ಜೀವ ಇಲ್ಲ", "ಜೀವಕ್ಕ ಸಮಾಧಾನ ಇಲ್ಲ" ಅನ್ನುತ್ತಾರೆ. ಅವರು ಅಂದದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ನಿಮ್ಮ ಇಂಗ್ಲಿಷ್ ವರದಿಯನ್ನು ಆಮೇಲೆ ತಯಾರಿಸಿದರಾಯಿತು. ಮನೆಯಲ್ಲಿ ಲಂಬಾಣಿ, ಉರ್ದು, ಮರಾಠಿ ಆಡುವ ತಾಯಿ ಬಂದರೆ ಆಕೆಯ ಗಂಡನನ್ನೋ ಹಿರಿಮಗಳನ್ನೋ ದುಭಾಷಿ ಮಾಡಬೇಡಿ. ಆ ಭಾಷೆ ಬಲ್ಲ ನರ್ಸಮ್ಮನನ್ನು ಹುಡುಕಿ.

ಎಡಿನ್‌ಬರೋ ಖಿನ್ನತೆ ಪ್ರಶ್ನಾವಳಿ ನಿಮ್ಮ ಕೈಗೆ ಬಂದೇ ಬರುತ್ತದೆ. 1987ರಲ್ಲಿ ಸ್ಕಾಟ್ಲೆಂಡಿನಲ್ಲಿ ತಯಾರಾದದ್ದು, ಹತ್ತು ಪ್ರಶ್ನೆ, ಹಿಂದಿನ ಏಳು ದಿನಗಳ ಬಗ್ಗೆ, ಒಟ್ಟು 30 ಅಂಕ. ಕನ್ನಡದಲ್ಲೂ ಬಳಕೆಯಲ್ಲಿದೆ. ಅಂಕ ಕೂಡಿಸಿ "ಈಕೆಗೆ ಖಿನ್ನತೆ ಇದೆ" ಎಂದು ಬರೆದುಬಿಡಬೇಡಿ. ಯಾರನ್ನು ವೈದ್ಯರು ಕೂತು ನೋಡಬೇಕು ಎಂದು ತಿಳಿಯಲಿಕ್ಕೆ ಮಾತ್ರ ಅದು. ಹತ್ತನೆಯ ಪ್ರಶ್ನೆ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯ ಬಗ್ಗೆ. ಸಂಕೋಚದಿಂದ ಅದನ್ನು ಹಾರಿಸಿಬಿಡುವವರನ್ನು ನೋಡಿದ್ದೇನೆ. ದಯವಿಟ್ಟು ಹಾರಿಸಬೇಡಿ. ಕೇಳಿದ ಮಾತ್ರಕ್ಕೆ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಎಷ್ಟೋ ತಾಯಂದಿರು ಯಾರಾದರೂ ಕೇಳಲಿ ಅಂತಲೇ ಕಾದಿರುತ್ತಾರೆ. ಒಟ್ಟು ಅಂಕ ಕಡಿಮೆಯಿದ್ದರೂ ಆ ಒಂದು ಪ್ರಶ್ನೆಗೆ "ಹೌದು" ಎಂದರೆ, ಅಲ್ಲಿಂದ ಎದ್ದವರು ನೇರವಾಗಿ ಮೇಲ್ವಿಚಾರಕರ ಬಳಿಗೇ ಹೋಗಬೇಕು, ಊಟ ಆಮೇಲೆ. ತಾಯಿಯ ಹತ್ತಿರ ಅಷ್ಟು ಹೊತ್ತು ಯಾರಾದರೂ ಇರಲಿ.

ಎಲ್ಲ ಅಳುವೂ ಕಾಯಿಲೆಯಲ್ಲ. ಹೆರಿಗೆಯಾದ ಮೂರ್ನಾಲ್ಕನೆಯ ದಿನ ಸುಮ್ಮಸುಮ್ಮನೆ ಕಣ್ಣೀರು ಬರುವುದು ಬಹಳ ಜನರಿಗೆ ಇದ್ದದ್ದೇ, ಎರಡು ವಾರದೊಳಗೆ ತಾನೇ ತಿಳಿಯಾಗುತ್ತದೆ. ಅದಕ್ಕಿಂತ ಹೆಚ್ಚು ದಿನ ಎಳೆದರೆ ಬಿಡಬೇಡಿ. ಬಾಣಂತಿ ಸನ್ನಿಯ ಮಾತೇ ಬೇರೆ. ಸಾವಿರ ಹೆರಿಗೆಗೆ ಒಂದೋ ಎರಡೋ, ಹೆಚ್ಚಾಗಿ ಮೊದಲ ಎರಡು ವಾರದಲ್ಲೇ ಬರುತ್ತದೆ. ನಿದ್ದೆಯೇ ಬೇಡ ಅನ್ನುತ್ತಾಳೆ, ಮಾತು ಹೆಚ್ಚುತ್ತದೆ, ಗೊಂದಲ, ಸಂಶಯ, "ಈ ಕೂಸು ನನ್ನದಲ್ಲ, ಬದಲಿ ಮಾಡ್ಯಾರ" ಎಂಬ ಮಾತು. ಬೆಳಿಗ್ಗೆ ಸರಿಯಿದ್ದವಳು ಸಂಜೆಗೆ ಬೇರೆಯವಳಂತೆ ಆಗುತ್ತಾಳೆ. ಮನೆಯವರು ಗಾಳಿ ಬಡಿದಿದೆ ಎಂದು ತಾಯಿತ ಕಟ್ಟಿಸಲು ಹೊರಟರೆ ಜಗಳಕ್ಕೆ ನಿಲ್ಲಬೇಡಿ. ಕಟ್ಟಿಸಲಿ, ಆದರೆ ಇವತ್ತೇ ಆಸ್ಪತ್ರೆಗೆ ಬರಲಿ, ಅಷ್ಟು ಹೊತ್ತು ಕೂಸನ್ನೂ ತಾಯಿಯನ್ನೂ ಇಬ್ಬರನ್ನೇ ಬಿಡದಿರಲಿ. ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ. ಜ್ವರ, ಜೋರು ತಲೆಶೂಲೆ, ಫಿಟ್ಸ್ ಇದ್ದರೆ ಅದನ್ನು ಮನಸ್ಸಿನ ಕಾಯಿಲೆಯೆಂದು ಕೂತುಬಿಡಬೇಡಿ. ನಂಜು ಏರಿರಬಹುದು, ಬಾಣಂತಿಯರ ಮಿದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವುದೂ ಉಂಟು. ಬಾಣಂತಿಗೆ ನೀರು ಕೊಡಬಾರದೆಂಬ ಹಳೆಯ ಪದ್ಧತಿ ಇನ್ನೂ ಇರುವ ಮನೆಗಳಲ್ಲಿ ಎಷ್ಟು ನೀರು ಕುಡಿಯುತ್ತಾಳೆ ಎಂದು ಕೇಳಿಯೇ ಕೇಳಿ. ರಕ್ತಹೀನತೆ, ಥೈರಾಯ್ಡ್ ತಪಾಸಣೆ ಆಗಿದೆಯೇ ಎಂದು ತಾಯಿ ಕಾರ್ಡನ್ನು ಪೂರ್ತಿ ಓದಿ.

ನಮ್ಮ ಊರುಗಳ ಬದುಕು ಗೊತ್ತಿದ್ದರೆ ಫೈಲು ಬರೆಯುವ ರೀತಿಯೇ ಬದಲಾಗುತ್ತದೆ. ಮೊದಲ ಹೆರಿಗೆ ತವರಿನಲ್ಲಿ. ಕೆಲವು ತಿಂಗಳಿಗೆ ತೊಟ್ಟಿಲು ಸಮೇತ ಗಂಡನ ಮನೆಗೆ. ಎರೆಯುವ ಕೈ, ಎಬ್ಬಿಸಿ ಉಣಿಸುವ ಕೈ ಎಲ್ಲ ಆವತ್ತಿಗೆ ತಪ್ಪುತ್ತವೆ, ನೀರು ತರುವ, ರೊಟ್ಟಿ ಬಡಿಯುವ ಕೆಲಸ ಶುರುವಾಗುತ್ತದೆ. ಬನಹಟ್ಟಿ ಕಡೆಯ ನೇಕಾರರ ಮನೆಯಾದರೆ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡೇ ಕಂಡಿಕೆ ಸುತ್ತಬೇಕು. ಆದ್ದರಿಂದ ಎರಡೂ ಮನೆಯ ವಿಳಾಸ, ಎರಡೂ ಕಡೆಯ ಫೋನ್ ನಂಬರು, ಎರಡೂ ಊರಿನ ಆಶಾ ಕಾರ್ಯಕರ್ತೆಯ ಹೆಸರು ಬರೆದುಕೊಳ್ಳಿ. ಒಂದೇ ವಿಳಾಸ ಬರೆದರೆ ಆ ತಾಯಿ ನಿಮ್ಮ ಕೈತಪ್ಪಿ ಹೋದಳೆಂದೇ ಲೆಕ್ಕ. ಸಕ್ಕರೆ ಕಾರ್ಖಾನೆ ಶುರುವಾದಾಗ ಬರುವ ಕಬ್ಬು ಕಡಿಯುವ ಗ್ಯಾಂಗಿನ ಹೆಣ್ಣುಮಕ್ಕಳಿಗೆ ಇಲ್ಲಿ ತವರೂ ಇಲ್ಲ, ನೆರೆಯೂ ಇಲ್ಲ. ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟು ಪುನರ್ವಸತಿ ಕೇಂದ್ರಕ್ಕೆ ಬಂದ ಬೀಳಗಿ ಕಡೆಯ ಮನೆಗಳಲ್ಲೂ ಹಳೆಯ ಓಣಿಯ ಬಂಧುಬಳಗ ಚದುರಿದೆ. ಅಂಥವರನ್ನು ಒಂದು ಸಲ ಹೆಚ್ಚೇ ವಿಚಾರಿಸಿ.

ಆಶಾ ಅವರು ಆಸ್ಪತ್ರೆಯ ಹೆರಿಗೆಯಾದ 3, 7, 14, 21, 28 ಮತ್ತು 42ನೆಯ ದಿನ ಮನೆಗೆ ಹೋಗುತ್ತಾರೆ, ಮುಖ್ಯವಾಗಿ ಕೂಸನ್ನು ನೋಡಲು. ಅವರ ಜೊತೆ ಹೋಗಿ ಬನ್ನಿ. ಪುಸ್ತಕದಲ್ಲಿ ಸಿಗದ್ದನ್ನು ಅವರಿಂದ ಕಲಿಯುತ್ತೀರಿ. ನಿಮ್ಮ ಡಿಗ್ರಿಯ ಜಂಬ ಅವರ ಮುಂದೆ ಬೇಡ.

ಅತ್ತೆಯಂದಿರನ್ನು ಖಳನಾಯಕಿ ಮಾಡಬೇಡಿ ಎಂದೂ ಹೇಳಬೇಕು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಆಕೆಯನ್ನೂ ಆಕೆಯ ಬಾಣಂತನದಲ್ಲಿ ಯಾರೂ ಕೇಳಿರಲಿಕ್ಕಿಲ್ಲ. "ರಾತ್ರಿ ಒಂದು ಹೊತ್ತು ಕೂಸನ್ನ ನೀವು ನೋಡ್ಕೊಂಡ್ರ ನಿಮ್ಮ ಸೊಸಿ ನಾಕು ತಾಸು ನಿದ್ದಿ ಮಾಡ್ತಾಳ" ಅಂದರೆ ಒಪ್ಪುವವರೇ ಹೆಚ್ಚು. ಗಂಡಂದಿರನ್ನಂತೂ ಯಾರೂ ಒಳಗೇ ಕರೆಯುವುದಿಲ್ಲ. ಆಸ್ಪತ್ರೆಯ ಹೊರಗೆ ಬೈಕಿನ ಮೇಲೆ ಕೂತಿರುತ್ತಾರೆ. ಗಂಡುಹುಡುಗರು ಈ ಕೆಲಸಕ್ಕೆ ಬಂದಿದ್ದರೆ ನಿಮಗೆ ಅಲ್ಲೇ ಕೆಲಸವಿದೆ, ಹೋಗಿ ಮಾತಾಡಿಸಿ.

ಇನ್ನು ಗದರುವ ಮಾತು. ವಾರ್ಡಿನೊಳಗೆ ಫೋನ್ ಚೀಲದಲ್ಲೇ ಇರಲಿ. ಕೂಸಿನ ಜೊತೆ ಸೆಲ್ಫಿ, ವಾಟ್ಸಾಪ್ ಸ್ಟೇಟಸ್ ಯಾವುದೂ ಬೇಡ, ಮುಖ ಮುಚ್ಚಿದ್ದರೂ ಬೇಡ. ಮುಧೋಳದ ಬಸ್ಸಿನಲ್ಲಿ ಕೂತು "ಇವತ್ತು ಒಂದು ಕೇಸ್ ಬಂದಿತ್ತು" ಅಂತ ಗೆಳತಿಗೆ ಹೇಳಿದರೆ ಹಿಂದಿನ ಸೀಟಿನಲ್ಲಿ ಆಕೆಯ ನಾದಿನಿ ಇರುತ್ತಾಳೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಗೆಳತಿಯ ವರದಿಯನ್ನು ಊರಿನ ಹೆಸರು ಬದಲಿಸಿ ನಕಲು ಮಾಡುವುದು ಆ ತಾಯಿಗೆ ಮಾಡುವ ಮೋಸ. ಆದರೆ ಎಲ್ಲವನ್ನೂ ಗುಟ್ಟಾಗಿಡುತ್ತೇನೆ ಎಂದು ಮಾತು ಕೊಡಬೇಡಿ. ಜೀವಕ್ಕೆ ಅಪಾಯವಿದ್ದರೆ, ಹೊಡೆತ ನಡೆಯುತ್ತಿದ್ದರೆ, ತಾಯಿಗೇ 18 ತುಂಬಿಲ್ಲವೆಂದು ತಿಳಿದರೆ ಮೇಲ್ವಿಚಾರಕರಿಗೆ ಹೇಳಲೇಬೇಕು. ಕೊನೆಯದರಲ್ಲಿ ಪೋಕ್ಸೊ ಕಾನೂನಿನ ಪ್ರಕಾರ ವರದಿ ಮಾಡುವುದು ಕಡ್ಡಾಯ. ಇದನ್ನು ಮಾತು ಶುರು ಮಾಡುವಾಗಲೇ ತಾಯಿಗೆ ತಿಳಿಸಿ.

ಆಸ್ಪತ್ರೆಗೆ ಸೇರಿಸಿದರೆ ಕೂಸನ್ನು ಕಿತ್ತುಕೊಳ್ಳುತ್ತಾರೆ ಎಂಬ ಹೆದರಿಕೆಯಿಂದ ಬಾಯಿ ಬಿಡದ ತಾಯಂದಿರಿದ್ದಾರೆ. ಅವರಿಗೆ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಏನನ್ನುತ್ತದೆ ಎಂದು ತಿಳಿಸಿ ಹೇಳಿ. ಮೂರು ವರ್ಷದೊಳಗಿನ ಮಗುವನ್ನು ಚಿಕಿತ್ಸೆಯಲ್ಲಿರುವ ತಾಯಿಯಿಂದ ಸಾಮಾನ್ಯವಾಗಿ ಬೇರೆ ಮಾಡುವಂತಿಲ್ಲ. ಮಗುವಿಗೆ ಅಪಾಯವೆಂದು ವೈದ್ಯರಿಗೆ ಕಂಡು ಬೇರೆ ಇಟ್ಟರೂ ಆ ತೀರ್ಮಾನವನ್ನು 15 ದಿನಕ್ಕೊಮ್ಮೆ ಮತ್ತೆ ನೋಡಬೇಕು, 30 ದಿನ ದಾಟಬೇಕಾದರೆ ಮಾನಸಿಕ ಆರೋಗ್ಯ ಪ್ರಾಧಿಕಾರದ ಒಪ್ಪಿಗೆ ಬೇಕು.

ನಿಮ್ಮ ಮನಸ್ಸಿನ ಬಗ್ಗೆಯೂ ಎಚ್ಚರವಿರಲಿ. ಕೂಸು ಕಳೆದುಕೊಂಡ ತಾಯಿಯ ಮುಂದೆ ಕೂತು ಬಂದ ದಿನ ಅನ್ನ ಸೇರುವುದಿಲ್ಲ. ನಿಮ್ಮ ಮನೆಯಲ್ಲೂ ಅಂಥದ್ದು ಆಗಿದ್ದರೆ ಇನ್ನೂ ಕಷ್ಟ. ಅದನ್ನು ಮೇಲ್ವಿಚಾರಕರಿಗೆ ಬಾಯಿಬಿಟ್ಟು ಹೇಳಿ, ಯಾರೂ ನಿಮ್ಮನ್ನು ಕಡಿಮೆಯಾಗಿ ಕಾಣುವುದಿಲ್ಲ.

ಇಂಟರ್ನ್‌ಶಿಪ್ ಮುಗಿಯುವ ದಿನ ಗಂಟುಮೂಟೆ ಕಟ್ಟಿ ಸುಮ್ಮನೆ ಹೊರಡಬೇಡಿ. ಎರಡು ವಾರ ಮೊದಲೇ ತಾಯಂದಿರಿಗೆ ತಿಳಿಸಿ, ನಿಮ್ಮ ಜಾಗಕ್ಕೆ ಬರುವವರನ್ನು ಕರೆದುಕೊಂಡು ಹೋಗಿ ಪರಿಚಯ ಮಾಡಿಸಿ. ಮುಂದಿನ ಭೇಟಿಯ ದಿನವನ್ನು ತಾಯಿ ಕಾರ್ಡಿನ ಹಿಂದೆ ಬರೆಯಿರಿ. ಅದರ ಕೆಳಗೆ ದೊಡ್ಡ ಅಂಕಿಯಲ್ಲಿ 14416 ಎಂದು ಬರೆಯಿರಿ. 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ ಅದು, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ತಾಯಿಗೆ ಓದಲು ಬಾರದಿದ್ದರೆ ಅಂಕಿಗಳನ್ನು ಬಾಯಿಪಾಠ ಮಾಡಿಸಿ, ನಿಮ್ಮೆದುರಿಗೇ ಒಂದು ಸಲ ಫೋನ್ ಹಚ್ಚಿಸಿ ನೋಡಿ.