ಕಾರ್ಬೆಟ್ ರೈಫಲ್ಲಿನ ಕೊಕ್ಕೆ

ತೇಜಸ್ವಿಯವರ ಅನುವಾದದಲ್ಲಿ ರುದ್ರಪ್ರಯಾಗದ ನರಭಕ್ಷಕನ ಕತೆ ಓದಿದವರಿಗೆ ಜಿಮ್ ಕಾರ್ಬೆಟ್ ಗೊತ್ತು. ನಾವೀಗ ಅವನ ರೈಫಲ್ಲಿನ ಒಳಗೆ ಇಣುಕೋಣ. 1907ರಲ್ಲಿ ಚಂಪಾವತದ ಹೆಣ್ಣು ಹುಲಿಯನ್ನು ಕೊಂದದ್ದಕ್ಕೆ ಬಹುಮಾನವಾಗಿ ಬಂದದ್ದು, .275 ರಿಗ್ಬಿ. ಹೆಸರು ಲಂಡನ್ನಿನದು, ಬೋಲ್ಟ್ ಮಾತ್ರ ಜರ್ಮನಿಯ ಮೌಸರ್ 1898ರಲ್ಲಿ ತಂದ ವಿನ್ಯಾಸದ್ದು.

ಈ ಬೋಲ್ಟಿನ ಪಕ್ಕಕ್ಕೆ ಉದ್ದನೆಯ ಸ್ಪ್ರಿಂಗ್ ಸ್ಟೀಲ್ ಪಟ್ಟಿ, ಅದರ ತುದಿಗೊಂದು ಕೊಕ್ಕೆ. ಮ್ಯಾಗಜೀನಿನಿಂದ ತೋಟಾ ಮೇಲೇಳುತ್ತಿದ್ದ ಹಾಗೇ ಕೊಕ್ಕೆ ಅದರ ಬುಡದ ಅಂಚನ್ನು ಹಿಡ್ಕೊಳ್ಳುತ್ತೆ. ಆಮೇಲೆ ಬಂದ ಎಷ್ಟೋ ರೈಫಲ್‌ಗಳಲ್ಲಿ ಬೋಲ್ಟ್ ತೋಟಾವನ್ನು ಬರೀ ತಳ್ಳುತ್ತೆ, ಪೂರ್ತಿ ಮುಚ್ಚಿದ ಮೇಲಷ್ಟೇ ಹಿಡಿಯುತ್ತೆ. ಗಾಬರಿಯಲ್ಲಿ ಬೋಲ್ಟನ್ನು ಅರ್ಧಕ್ಕೇ ಹಿಂದೆಳೆದು ಮತ್ತೆ ನೂಕಿದರೆ? ಮೊದಲನೆಯದು ಒಳಗೇ ಉಳಿದಿರುತ್ತೆ, ಎರಡನೆಯದು ಬಂದು ಅದರ ಬೆನ್ನಿಗೆ ಗುದ್ದಿ ಸಿಕ್ಕಿಹಾಕಿಕೊಳ್ಳುತ್ತೆ. ಎದುರಿಗೆ ಗಾಯಗೊಂಡ ಹುಲಿ ಇದ್ದರೆ ಕತೆ ಮುಗೀತು! ಮೌಸರ್ ಕೊಕ್ಕೆ ಮಾತ್ರ ಮೊದಲ ತೋಟಾವನ್ನು ವಾಪಸ್ ಎಳೆದು ಹೊರಗೆಸೆಯುತ್ತೆ.

ಇಂಗ್ಲೆಂಡ್, ಆಫ್ರಿಕಾಗಳಲ್ಲಿ ಅಜ್ಜನಿಂದ ಮೊಮ್ಮಗನಿಗೆ ಬಂದ ಇಂಥ ರೈಫಲ್‌ಗಳು ಇವತ್ತಿಗೂ ಬೇಟೆಗೆ ಹೋಗುತ್ತವೆ. (ನಮ್ಮಲ್ಲಿ 1972ರ ಕಾಯ್ದೆ ಬಂದಮೇಲೆ ಹುಲಿ ಬೇಟೆ ಬಂದ್.) ಮೊಮ್ಮಗ ತಪ್ಪುವುದು ಒಂದೇ ಕಡೆ: ತೋಟಾವನ್ನು ಮ್ಯಾಗಜೀನಿಗೆ ಹಾಕದೆ ನೇರ ಬ್ಯಾರೆಲ್ಲಿಗೆ ಇಟ್ಟು ಬೋಲ್ಟ್ ಒತ್ತುತ್ತಾನೆ. ಆಗ ಕೊಕ್ಕೆ ಅಂಚಿನ ಮೇಲೆ ಹತ್ತಲು ಒದ್ದಾಡಿ, ಮುರಿದೇ ಹೋಗಬಹುದು.